ಕಿಟೆಲ್ ಊರಿನ ಗಂಟೆ

31 ಅಕ್ಟೋಬರ್ 2025, ಶುಕ್ರವಾರ ರಾತ್ರಿ

ನಾಳೆ ರಾಜ್ಯೋತ್ಸವ. ಭಾಷಣಗಳಲ್ಲಿ ಕಿಟೆಲ್ ಹೆಸರು ಬಂದೇ ಬರುತ್ತದೆ. ಸಂಜೆ ಫೋನಿನಲ್ಲಿ ಅಕ್ಕ ಅದೇ ಮಾತು ತೆಗೆದಳು. "ಅಲ್ಲ ಕಣೋ, ನಮಗೆ ನಿಘಂಟು ಮಾಡಿಕೊಟ್ಟೋರ ದೇಶದಲ್ಲೇ ಈಗ ಚರ್ಚಿಗೆ ಜನ ಹೋಗಲ್ವಂತೆ. ದೇವರ ಮೇಲಿನ ನಂಬಿಕೆನೇ ಹೊರಟುಹೋಯ್ತಾ?" ಒಂದು ಮಾತಿನಲ್ಲಿ ಹೇಳುವಂಥದ್ದಲ್ಲ ಅದು. "ನಂಬಿಕೆ ಹೋಗಿದ್ದಕ್ಕಿಂತ ಅಭ್ಯಾಸ ತಪ್ಪಿದ್ದು ಹೆಚ್ಚು" ಅಂದೆ. ಅವಳಿಗೆ ಸಮಾಧಾನವಾಗಲಿಲ್ಲ. ನನಗೂ ಆಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಜರ್ಮನಿಯಲ್ಲಿ ಇವತ್ತು ಧರ್ಮಸುಧಾರಣೆಯ ದಿನ. 1517ರಲ್ಲಿ ಲೂಥರ್ ವಿಟೆನ್‌ಬರ್ಗ್‌ನಲ್ಲಿ ತನ್ನ 95 ವಾದಗಳನ್ನು ಹೊರಡಿಸಿದ ದಿನ. 16 ರಾಜ್ಯಗಳಲ್ಲಿ ಒಂಬತ್ತಕ್ಕೆ ರಜೆ. ಆ ಒಂಬತ್ತರಲ್ಲಿ ಉತ್ತರದ ನಾಲ್ಕು ರಾಜ್ಯಗಳು ಈ ರಜೆಯನ್ನು ಕಾಯಂ ಮಾಡಿದ್ದು 2018ರಲ್ಲಿ. ಕಿಟೆಲ್ 1832ರಲ್ಲಿ ಹುಟ್ಟಿದ ರೆಸ್ಟರ್‌ಹಾಫೆ ಇರುವ ಲೋವರ್ ಸ್ಯಾಕ್ಸನಿಯೂ ಅವುಗಳಲ್ಲೊಂದು. ಚರ್ಚಿನ ಪಟ್ಟಿಯಿಂದ ವರ್ಷಕ್ಕೆ ಲಕ್ಷಗಟ್ಟಲೆ ಹೆಸರು ಹೋಗುತ್ತಿರುವ ಕಾಲದಲ್ಲೇ ಚರ್ಚಿನ ಹಬ್ಬಕ್ಕೆ ಹೊಸ ರಜೆ ಸಿಕ್ಕಿತು. ವಿಟೆನ್‌ಬರ್ಗ್ ಇರುವ ಸ್ಯಾಕ್ಸನಿ-ಆನ್‌ಹಾಲ್ಟ್‌ನಲ್ಲಿ ಈಗ ಐವರಲ್ಲಿ ಒಬ್ಬರು ಕೂಡ ಕ್ಯಾಥೊಲಿಕ್, ಪ್ರಾಟೆಸ್ಟಂಟ್ ಎಂಬ ಎರಡು ದೊಡ್ಡ ಚರ್ಚುಗಳ ಸದಸ್ಯರಲ್ಲ. ಅಲ್ಲಿನ ಕಾರಣ ಬೇರೆ. ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರ 1954ರಲ್ಲಿ ದೃಢೀಕರಣ ಸಂಸ್ಕಾರಕ್ಕೆ (ಹರೆಯಕ್ಕೆ ಬಂದವರು ಚರ್ಚಿನಲ್ಲಿ ತಮ್ಮ ನಂಬಿಕೆಯನ್ನು ಖಚಿತಪಡಿಸುವುದಕ್ಕೆ) ಎದುರಾಗಿ ಹದಿನಾಲ್ಕು ವರ್ಷದ ಮಕ್ಕಳಿಗೆ ತನ್ನದೇ 'ಯೂಗೆಂಡ್‌ವೈಹೆ' ಸಮಾರಂಭ ಶುರುಮಾಡಿತು. ಅದಕ್ಕೆ ಬಾರದ ಮಗುವಿಗೆ ಮುಂದೆ ಓದಲು ಜಾಗ ಸಿಗುವುದು ಕಷ್ಟವಾಯಿತು. ಎರಡು ತಲೆಮಾರು ಹಾಗೆ ಕಳೆಯಿತು. ಬರ್ಲಿನ್ ಗೋಡೆ ಬಿದ್ದ ಮೇಲೆ ಜನ ಚರ್ಚಿಗೆ ಮರಳುತ್ತಾರೆಂದು ಕಾದವರಿದ್ದರು. ಮರಳಲಿಲ್ಲ. ಮರಳುವುದಕ್ಕೆ ಮೊದಲು ಅಲ್ಲಿದ್ದ ನೆನಪಾದರೂ ಇರಬೇಕಲ್ಲ.

ಅಕ್ಕ ಕೇಳಿದ್ದು ಪಶ್ಚಿಮದ ವಿಷಯ. ಕಿಟೆಲ್ 1903ರಲ್ಲಿ ತೀರಿಕೊಂಡ ಟ್ಯೂಬಿಂಗೆನ್, 1843ರಲ್ಲಿ 'ಮಂಗಳೂರು ಸಮಾಚಾರ' ಪತ್ರಿಕೆ ತಂದ ಮೋಗ್ಲಿಂಗ್ ಹುಟ್ಟಿದ ಬ್ರಾಕೆನ್‌ಹೈಮ್, ಎರಡೂ ವ್ಯುರ್ಟೆಂಬರ್ಗ್ ಸೀಮೆಯವು. ಇಬ್ಬರನ್ನೂ ಇಲ್ಲಿಗೆ ಕಳಿಸಿದ ಬಾಸೆಲ್ ಮಿಶನ್ನಿಗೆ ಹೆಚ್ಚಿನ ಪಾದ್ರಿಗಳು ಬಂದದ್ದು ಈ ಸೀಮೆಯ ಹಳ್ಳಿಗಳಿಂದಲೇ. ಅವರನ್ನು ಕಳಿಸಿದ ದುಡ್ಡು ಎಲ್ಲಿಯದು ಅನ್ನುವುದನ್ನು ಗಮನಿಸಬೇಕು. 1850ರ ದಶಕದಲ್ಲಿ ಮಿಶನ್ನು ವಾರಕ್ಕೊಮ್ಮೆ 'ಅರ್ಧ ಬಾಟ್ಸೆನ್' ಎತ್ತುವ ಪದ್ಧತಿ ಶುರುಮಾಡಿತು. ಬಾಟ್ಸೆನ್ ಒಂದು ಚಿಲ್ಲರೆ ನಾಣ್ಯ, ಅದರ ಅರ್ಧ. ಕೂಲಿಯವರೂ ಮನೆಗೆಲಸದ ಹೆಂಗಸರೂ ಕೊಡಬಲ್ಲಷ್ಟು. ವಾರವಾರವೂ ಯಾರೋ ಬಾಗಿಲಿಗೆ ಬಂದು ಕೇಳುವುದು, ಕೈಯಿಂದ ತೆಗೆದು ಕೊಡುವುದು.

ಈಗ ಯಾರೂ ಬಾಗಿಲಿಗೆ ಬರುವುದಿಲ್ಲ. ಸಂಬಳದ ಚೀಟಿಯಲ್ಲೇ ಕಡಿತವಾಗುತ್ತದೆ.

ಜರ್ಮನಿಯ ಚರ್ಚ್ ತೆರಿಗೆಯನ್ನು ನಮ್ಮಲ್ಲಿ ಬಹಳ ಜನ ತಪ್ಪು ತಿಳಿದಿದ್ದಾರೆ. ಅದು ಆದಾಯದ ಮೇಲಿನ ತೆರಿಗೆಯಲ್ಲ, ಆದಾಯ ತೆರಿಗೆಯ ಮೇಲಿನ ತೆರಿಗೆ. ಬವೇರಿಯಾ ಮತ್ತು ಬಾಡೆನ್-ವ್ಯುರ್ಟೆಂಬರ್ಗ್‌ನಲ್ಲಿ ಶೇ. 8, ಉಳಿದ ರಾಜ್ಯಗಳಲ್ಲಿ ಶೇ. 9. ವರ್ಷಕ್ಕೆ 6,000 ಯೂರೋ ಆದಾಯ ತೆರಿಗೆ ಕಟ್ಟುವವರು ಟ್ಯೂಬಿಂಗೆನ್‌ನಲ್ಲಿ ಚರ್ಚಿಗೆ 480 ಯೂರೋ ಕೊಡುತ್ತಾರೆ, ಬರ್ಲಿನ್ನಿನಲ್ಲಿದ್ದರೆ 540. ವಸೂಲು ಮಾಡುವುದು ಸರ್ಕಾರದ ತೆರಿಗೆ ಕಚೇರಿ. ಆ ಕೆಲಸಕ್ಕೆ ಒಂದಷ್ಟು ಪಾಲು ಹಿಡಿದುಕೊಂಡು ಉಳಿದದ್ದನ್ನು ಚರ್ಚಿಗೆ ದಾಟಿಸುತ್ತದೆ. 1919ರ ವೈಮಾರ್ ಸಂವಿಧಾನದ ಈ ಏರ್ಪಾಡು 1949ರ ಸಂವಿಧಾನದಲ್ಲೂ ಹಾಗೇ ಉಳಿಯಿತು. ಯಾರು ಕಟ್ಟಬೇಕು ಎನ್ನುವುದನ್ನು ತೀರ್ಮಾನಿಸುವುದು ಜ್ಞಾನಸ್ನಾನ. ಹಸುಗೂಸಿನ ತಲೆಗೆ ನೀರು ಹಾಕಿದ ದಿನ ಹೆಸರು ಪಟ್ಟಿಗೆ ಸೇರುತ್ತದೆ. ಇಪ್ಪತ್ತೈದು ವರ್ಷ ಏನೂ ಗೊತ್ತಾಗುವುದಿಲ್ಲ. ಮೊದಲ ಕೆಲಸ ಸಿಕ್ಕಿ ಮೊದಲ ಸಂಬಳ ಬಂದಾಗ ಚೀಟಿಯಲ್ಲಿ ಆ ಒಂದು ಸಾಲು ಕಾಣುತ್ತದೆ. ಚರ್ಚು ಬಿಡುವವರಲ್ಲಿ ಇಪ್ಪತ್ತೈದರಿಂದ ಮೂವತ್ತೈದರ ಒಳಗಿನವರೇ ಹೆಚ್ಚು ಎನ್ನುವುದಕ್ಕೆ ಮುಖ್ಯ ಕಾರಣ ಇದು. ಅಷ್ಟು ವರ್ಷಗಳಲ್ಲಿ ಆ ಮನುಷ್ಯನ ಜೊತೆ ಚರ್ಚು ಆಡುವ ಮೊದಲ ಮಾತೇ ತೆರಿಗೆಯದಾಗಿರುತ್ತದೆ.

ಬಿಡುವುದು ಸುಲಭ. ವ್ಯುರ್ಟೆಂಬರ್ಗ್, ಬವೇರಿಯಾಗಳಲ್ಲಿ ಜನನ-ಮರಣ ನೋಂದಣಿ ಕಚೇರಿಗೆ ಹೋಗಬೇಕು, ಬರ್ಲಿನ್ ಮತ್ತು ನಾರ್ತ್ ರೈನ್-ವೆಸ್ಟ್‌ಫೇಲಿಯಾದಲ್ಲಿ ಸ್ಥಳೀಯ ನ್ಯಾಯಾಲಯಕ್ಕೆ. ಗುರುತಿನ ಚೀಟಿ ಬೇಕು. ಮದುವೆಯಾಗಿದ್ದರೆ ಅದರ ದಾಖಲೆಯನ್ನೂ ಒಯ್ಯುವುದು ಒಳ್ಳೆಯದು. ಕೆಲವು ಕಡೆ ಶುಲ್ಕವಿದೆ, ಬರ್ಲಿನ್ನಿನಲ್ಲಿ 30 ಯೂರೋ. ಕಾರಣ ಯಾರೂ ಕೇಳುವುದಿಲ್ಲ. ಹದಿನಾಲ್ಕು ತುಂಬಿದ ಯಾರೂ ತಾವೇ ಸಹಿ ಹಾಕಬಹುದು. 1921ರ ಕಾನೂನು ಅದು. ಹತ್ತಿಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಎಡವುವುದು ಇದರ ನಂತರ. ಕಚೇರಿ ಕೊಡುವ ಪ್ರಮಾಣಪತ್ರವನ್ನು ಜೀವನಪೂರ್ತಿ ಜೋಪಾನ ಮಾಡಬೇಕು. ಊರು ಬದಲಾಯಿಸಿದಾಗ, ಎಷ್ಟೋ ವರ್ಷ ಕಳೆದ ಮೇಲೂ, ನಿಮಗೆ ಜ್ಞಾನಸ್ನಾನವಾಗಿದೆ, ಬಿಟ್ಟದ್ದಕ್ಕೆ ದಾಖಲೆ ತೋರಿಸಿ ಎಂದು ಪತ್ರ ಬರಬಹುದು. ಕಾಗದ ಇಲ್ಲದಿದ್ದರೆ ಹಿಂದಿನ ತೆರಿಗೆ ಸಹಿತ ಬಾಕಿ ಬೀಳಬಹುದು.

2014ರಲ್ಲಿ ಆದದ್ದು ಇದಕ್ಕಿಂತಲೂ ಬೇಸರದ್ದು. ಬ್ಯಾಂಕ್ ಬಡ್ಡಿ ಮೇಲಿನ ಚರ್ಚ್ ತೆರಿಗೆಯನ್ನು ಮುಂದಿನ ವರ್ಷದಿಂದ ಬ್ಯಾಂಕೇ ಹಿಡಿಯುತ್ತದೆ ಎಂದು ಖಾತೆದಾರರಿಗೆಲ್ಲ ಪತ್ರ ಹೋಯಿತು. ಅದು ಹೊಸ ತೆರಿಗೆ ಅಲ್ಲ, ಇದ್ದದ್ದನ್ನೇ ವಸೂಲು ಮಾಡುವ ಹೊಸ ದಾರಿ. ಪತ್ರ ಓದಿದವರಿಗೆ ಹೊಸ ತೆರಿಗೆ ಅನ್ನಿಸಿತು. ಆ ವರ್ಷ ಕ್ಯಾಥೊಲಿಕ್ ಚರ್ಚೊಂದರಿಂದಲೇ 2,17,716 ಜನ ಹೊರಬಂದರು. ದೇವತಾಶಾಸ್ತ್ರದ ಯಾವ ವಾದದಿಂದಲೂ ಆಗದ್ದು ಬ್ಯಾಂಕಿನ ಒಂದು ಪತ್ರದಿಂದ ಆಯಿತು.

ಹಾಗಂತ ಎಲ್ಲವನ್ನೂ ದುಡ್ಡಿನ ಮೇಲೆ ಹಾಕಿದರೆ ಅನ್ಯಾಯ. ದುಡ್ಡು ಕೊನೆಯ ನೂಕು ಅಷ್ಟೆ. 2018ರಲ್ಲಿ ಕ್ಯಾಥೊಲಿಕ್ ಬಿಷಪ್ಪರ ಮಂಡಳಿಯೇ ಮಾಡಿಸಿದ ಅಧ್ಯಯನ ಹೊರಬಂತು. 1946ರಿಂದ 2014ರವರೆಗಿನ ಕಡತಗಳಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ 3,677 ಮಕ್ಕಳು, ಆರೋಪ ಹೊತ್ತ 1,670 ಪಾದ್ರಿಗಳು. 2022ರ ಜನವರಿಯಲ್ಲಿ ಮ್ಯೂನಿಕ್ ಧರ್ಮಪ್ರಾಂತದ (ಒಬ್ಬ ಬಿಷಪ್ಪರ ಆಡಳಿತದ ಸೀಮೆಯ) ಇಂಥದ್ದೇ ವರದಿ. ಆ ವರ್ಷ ಕ್ಯಾಥೊಲಿಕ್ ಚರ್ಚು ಬಿಟ್ಟವರು 5,22,821. ಇದು ತೆರಿಗೆ ಉಳಿಸಲು ಹೋದವರ ಸಂಖ್ಯೆಯಲ್ಲ. ಇವರಲ್ಲಿ ಎಷ್ಟೋ ಜನ ವಾರವಾರ ಬಲಿಪೂಜೆಗೆ, ಅಂದರೆ ಕ್ಯಾಥೊಲಿಕ್ಕರ ಮುಖ್ಯ ಆರಾಧನೆಗೆ, ಬರುತ್ತಿದ್ದವರು, ಗಾಯನವೃಂದದಲ್ಲಿ ಹಾಡುತ್ತಿದ್ದವರು, ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದವರು. ತಪ್ಪು ಮಾಡಿದವರನ್ನು ಸದ್ದಿಲ್ಲದೆ ಇನ್ನೊಂದು ಧರ್ಮಕೇಂದ್ರಕ್ಕೆ ವರ್ಗ ಮಾಡಿದ್ದನ್ನು ಅವರು ಕ್ಷಮಿಸಲಿಲ್ಲ. ಕ್ಷಮಿಸಬೇಕಿತ್ತು ಎಂದು ನಾನು ಹೇಳಲಾರೆ. 2024ರಲ್ಲಿ ಪ್ರಾಟೆಸ್ಟಂಟ್ ಚರ್ಚಿನ ವರದಿಯೂ ಬಂತು: 2,225 ಸಂತ್ರಸ್ತರು. 'ಅದು ಅವರ ಸಮಸ್ಯೆ' ಎನ್ನುತ್ತಿದ್ದವರ ಬಾಯಿಯೂ ಕಟ್ಟಿತು.

ಆದರೂ ಬಿಟ್ಟವರ ಲೆಕ್ಕಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬಾರದವರ ಲೆಕ್ಕ. 2024ರಲ್ಲಿ ಪ್ರಾಟೆಸ್ಟಂಟ್ ಚರ್ಚಿನಿಂದ ಹೋದವರು ಸುಮಾರು 3,45,000. ತೀರಿಕೊಂಡ ಸದಸ್ಯರು ಸುಮಾರು 3,30,000. ಜ್ಞಾನಸ್ನಾನ ಸುಮಾರು 1,10,000. ಮೂರು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನಾಳೆಯಿಂದ ಒಬ್ಬರೂ ಬಿಡುವುದಿಲ್ಲ ಎಂದುಕೊಂಡರೂ ಸತ್ತವರ ಜಾಗ ತುಂಬುವುದಿಲ್ಲ.

ಈ ಸರಪಳಿ ಎಲ್ಲಿ ತುಂಡಾಗುತ್ತದೆ ಎಂದು ಅಕ್ಕನಿಗೆ ಬಿಡಿಸಿ ಹೇಳಬೇಕಿತ್ತು. ಜ್ಞಾನಸ್ನಾನಕ್ಕೆ ಮಗುವಿನ ಜೊತೆ ನಿಲ್ಲುವ ಜ್ಞಾನತಂದೆಯೋ ಜ್ಞಾನತಾಯಿಯೋ ಬೇಕು. ಕ್ಯಾಥೊಲಿಕ್ ನಿಯಮದಂತೆ ಅವರಿಗೆ ಹದಿನಾರು ತುಂಬಿರಬೇಕು, ದೃಢೀಕರಣವಾಗಿರಬೇಕು, ಚರ್ಚು ಬಿಟ್ಟಿರಬಾರದು. ಮಗುವಿನ ಸೋದರಮಾವ ಹತ್ತು ವರ್ಷದ ಹಿಂದೆ ಬ್ಯಾಂಕಿನ ಪತ್ರ ನೋಡಿ ಸಹಿ ಹಾಕಿದ್ದಾನೆ, ಅತ್ತೆ ಮ್ಯೂನಿಕ್ ವರದಿ ಓದಿ ಹೋಗಿದ್ದಾಳೆ ಎಂದುಕೊಳ್ಳಿ. ತಾಯಿಗೆ ಮಗುವಿನ ಜ್ಞಾನಸ್ನಾನ ಮಾಡಿಸಬೇಕೆಂಬ ಆಸೆಯಿದೆ, ಪಕ್ಕದಲ್ಲಿ ನಿಲ್ಲಲು ತನ್ನವರು ಯಾರೂ ಇಲ್ಲ. ದೂರದವರನ್ನು ಕೇಳಲು ಸಂಕೋಚ. ಮುಂದಿನ ವರ್ಷ ನೋಡೋಣ, ದೊಡ್ಡದಾದ ಮೇಲೆ ಅದೇ ತೀರ್ಮಾನಿಸಲಿ ಎಂದಾಗುತ್ತದೆ. ಅಲ್ಲಿ ಯಾರೂ ದೇವರನ್ನು ಅಲ್ಲಗಳೆದಿಲ್ಲ. ಆ ಮಗುವಿಗೆ ಮುಂದೆ ಬಿಡುವುದಕ್ಕೂ ಏನೂ ಇರುವುದಿಲ್ಲ, ಯಾವ ಕಚೇರಿಗೂ ಹೋಗಬೇಕಾಗಿಲ್ಲ. 2019ರಲ್ಲಿ ಫ್ರೈಬುರ್ಗ್ ವಿಶ್ವವಿದ್ಯಾಲಯದವರು ಹಾಕಿದ ಅಂದಾಜು ನೆನಪಾಗುತ್ತದೆ: 2017ರಲ್ಲಿ ಎರಡೂ ಚರ್ಚು ಸೇರಿ 4 ಕೋಟಿ 48 ಲಕ್ಷ ಸದಸ್ಯರು, 2060ಕ್ಕೆ 2 ಕೋಟಿ 27 ಲಕ್ಷ. 2024ರ ಕೊನೆಗೇ 3 ಕೋಟಿ 78 ಲಕ್ಷದ ಆಸುಪಾಸಿಗೆ ಬಂದಾಗಿದೆ. ಅಂದಾಜಿಗಿಂತ ಇಳಿತವೇ ಮುಂದೋಡುತ್ತಿದೆ.

ಬೇರೆ ಮಾತು. ಚರ್ಚು ಮುಚ್ಚುವುದು ಹೇಗೆ ಅಂತಲೂ ಅಕ್ಕ ಕೇಳಿದ್ದಳು, "ಬೀಗ ಹಾಕಿ ಬಿಡ್ತಾರಾ?" ಹಾಗಲ್ಲ. ಕ್ಯಾಥೊಲಿಕ್ಕರಲ್ಲಿ ಬಿಷಪ್ಪರು ಪಾದ್ರಿಗಳ ಪರಿಷತ್ತಿನ ಮಾತು ಕೇಳಿ ಆಜ್ಞಾಪತ್ರ ಹೊರಡಿಸಬೇಕು. ಕೊನೆಯ ಬಲಿಪೂಜೆಯಲ್ಲಿ ಅದನ್ನು ಓದುತ್ತಾರೆ. ಬಲಿಪೀಠದ ಕಲ್ಲಿನೊಳಗೆ ಸಂತರ ಅವಶೇಷವಿದ್ದರೆ ಹೊರತೆಗೆಯುತ್ತಾರೆ. ಪರಮಪ್ರಸಾದವನ್ನು, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯನ್ನು, ಪೆಟ್ಟಿಗೆಯಿಂದ ತೆಗೆದು ಹತ್ತಿರದ ಇನ್ನೊಂದು ಚರ್ಚಿಗೆ ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಹೊರಡುವ ಮುಂಚೆ ಅದರ ಮುಂದೆ ಹಗಲಿರುಳು ಉರಿಯುತ್ತಿದ್ದ ದೀಪವನ್ನು ಆರಿಸುತ್ತಾರೆ. ನಂದಾದೀಪ ಎನ್ನುತ್ತೇವಲ್ಲ, ಅದೇ. ಆರಿಸುವ ಕೈ ಯಾರದಾಗಿರಬೇಕು ಎಂದು ಆ ಸಭೆಯವರು ಮೊದಲೇ ಮಾತಾಡಿಕೊಳ್ಳಬೇಕಾಗುತ್ತದಲ್ಲ, ಅದನ್ನು ನೆನೆದರೆ ಸಂಕಟವಾಗುತ್ತದೆ. 1958ರಲ್ಲಿ ಹುಟ್ಟಿದ ಎಸೆನ್ ಧರ್ಮಪ್ರಾಂತ 2006ರಲ್ಲಿ ತನ್ನ 259 ಧರ್ಮಕೇಂದ್ರಗಳನ್ನು 43ಕ್ಕೆ ಇಳಿಸಿ 96 ಚರ್ಚುಗಳನ್ನು ಬಿಟ್ಟುಕೊಡಲು ತೀರ್ಮಾನಿಸಿತು. ಕಲ್ಲಿದ್ದಲು ಗಣಿಯ ಕಾರ್ಮಿಕರಿಗಾಗಿ ಯುದ್ಧದ ನಂತರ ಕಟ್ಟಿದ ಎಷ್ಟೋ ಚರ್ಚುಗಳು ಅಲ್ಲಿದ್ದವು. ಕಟ್ಟುವುದನ್ನು ನೋಡಿದವರೇ ಮುಚ್ಚುವುದನ್ನೂ ನೋಡಿದರು.

ಪ್ರಭಾವ ಪೂರ್ತಿ ಹೋಗಿದೆಯೇ ಎಂದರೆ ಅದೂ ಇಲ್ಲ. ಕ್ಯಾಥೊಲಿಕ್ ಸೇವಾಸಂಸ್ಥೆ ಕಾರಿತಾಸ್‌ನಲ್ಲಿ ಸುಮಾರು 7 ಲಕ್ಷ, ಪ್ರಾಟೆಸ್ಟಂಟ್ ಸೇವಾಸಂಸ್ಥೆ ಡಿಯಾಕೊನಿಯಲ್ಲಿ 6 ಲಕ್ಷಕ್ಕೂ ಹೆಚ್ಚು ಜನ ಕೆಲಸ ಮಾಡುತ್ತಾರೆ: ಆಸ್ಪತ್ರೆ, ಶಿಶುವಿಹಾರ, ವೃದ್ಧಾಶ್ರಮ. ಅವುಗಳ ಖರ್ಚು ಬಹುಪಾಲು ಸಾಮಾಜಿಕ ವಿಮೆಯಿಂದ, ಸರ್ಕಾರದ ದುಡ್ಡಿನಿಂದ ಬರುತ್ತದೆ, ಚರ್ಚ್ ತೆರಿಗೆಯಿಂದಲ್ಲ. ಭಾನುವಾರ ಅಂಗಡಿ ಮುಚ್ಚುವ ಕಾನೂನೂ ಇದೆ. ಹಾಸಿಗೆ ಹಿಡಿದವರನ್ನು ಚರ್ಚು ಇವತ್ತಿಗೂ ನೋಡಿಕೊಳ್ಳುತ್ತದೆ. ಆರೋಗ್ಯವಾಗಿರುವವರಿಗೆ ಏನು ಹೇಳಬೇಕೆಂದು ಅದಕ್ಕೆ ತೋಚುತ್ತಿಲ್ಲ.

ಗಂಟೆಯ ವಿಷಯ ಬರೆಯದೆ ಮಲಗಲಾರೆ. ಕನ್ನಡದಲ್ಲಿ ಗಂಟೆ ಅಂದರೆ ಬಾರಿಸುವುದೂ ಹೌದು, ಹೊತ್ತೂ ಹೌದು. ಜರ್ಮನಿಯ ಆಡಳಿತ ನ್ಯಾಯಾಲಯ ಈ ಎರಡನ್ನೂ ಬೇರೆ ಮಾಡಿಟ್ಟಿದೆ. ಪ್ರಾರ್ಥನೆಗೆ ಕರೆಯುವ ಗಂಟೆ ಧರ್ಮಸ್ವಾತಂತ್ರ್ಯದ ರಕ್ಷಣೆಗೆ ಬರುತ್ತದೆ ಎಂದು 1983ರಲ್ಲಿ ಹೇಳಿತು. ಹೊತ್ತು ಸಾರುವ ಬಡಿತ ಬರೀ ಸದ್ದು, ಅದಕ್ಕೆ ಶಬ್ದಮಾಲಿನ್ಯದ ಸಾಮಾನ್ಯ ಮಿತಿಯೇ ಸಾಕು ಎಂದು 1992ರಲ್ಲಿ. ಗೋಪುರದಲ್ಲಿರುವುದು ಮಾತ್ರ ಒಂದೇ ಗಂಟೆ. ಹೊತ್ತು ಬಡಿಯುವಾಗ ಗಂಟೆ ಅಲುಗದೆ ನಿಂತಿರುತ್ತದೆ, ಹೊರಗಿನಿಂದ ಸುತ್ತಿಗೆ ಬಂದು ಹೊಡೆಯುತ್ತದೆ. ಪ್ರಾರ್ಥನೆಗೆ ಕರೆಯುವಾಗ ಇಡೀ ಗಂಟೆಯೇ ತೂಗುತ್ತದೆ, ಒಳಗಿನ ನಾಲಿಗೆ ಅದರ ಎರಡೂ ಮಗ್ಗುಲಿಗೆ ತಾಗುತ್ತದೆ. ಕೇಳಿ ಅಭ್ಯಾಸವಿದ್ದವರಿಗೆ ಮನೆಯೊಳಗಿದ್ದೇ ವ್ಯತ್ಯಾಸ ತಿಳಿಯುತ್ತದೆ.

ನಾಳೆ ಅಲ್ಲಿ ಸಕಲ ಸಂತರ ಹಬ್ಬ, ವ್ಯುರ್ಟೆಂಬರ್ಗ್‌ನಲ್ಲೂ ರಜೆ. ಜನ ಸಮಾಧಿಗಳಿಗೆ ಹೋಗಿ ಒದ್ದೆ ಎಲೆ ಗುಡಿಸಿ ಕೆಂಪು ಗಾಜಿನೊಳಗೆ ಮೇಣದ ದೀಪ ಇಡುತ್ತಾರೆ. ಆಖೆನ್‌ನ ಸೇಂಟ್ ಜೋಸೆಫ್ ಚರ್ಚಿನಂಥ ಕಡೆ, ಬೂದಿಯ ಕುಡಿಕೆಗಳನ್ನಿಡಲು 2006ರಲ್ಲಿ ಚರ್ಚನ್ನೇ ಸಮಾಧಿಯಾಗಿ ಮಾರ್ಪಡಿಸಿದ್ದಾರಲ್ಲ, ಅಲ್ಲಿಗೂ ಬರುತ್ತಾರೆ. ಪಟ್ಟಿಯಿಂದ ಹೆಸರು ತೆಗೆಸಿದವರೂ ಬರುತ್ತಾರೆ, ಜ್ಞಾನಸ್ನಾನವಾಗದ ಮಕ್ಕಳ ಕೈಹಿಡಿದುಕೊಂಡು. ಇದು ನಂಬಿಕೆಯೋ ಅಭ್ಯಾಸವೋ ಅಂತ ಅಕ್ಕ ಕೇಳಿದರೆ, ಸಂಜೆ ಅಷ್ಟು ಸಲೀಸಾಗಿ ಎರಡನ್ನೂ ಬೇರೆ ಮಾಡಿ ಹೇಳಿದ ಮೇಲೆ ಈಗ ಏನು ಹೇಳಲಿ?