ಪುಣೆಯ ದಾರಿಯಲ್ಲಿ ನಶೆಯಿಲ್ಲದ ಬಿಯರ್

ಬೆಳಗಾವಿಯಿಂದ ಪುಣೆಗೆ ಹೆದ್ದಾರಿ 48ರಲ್ಲಿ ಸುಮಾರು 340 ಕಿಲೋಮೀಟರ್. ನಸುಕಿನಲ್ಲೇ ಹೊರಟರೆ ಕೊಲ್ಹಾಪುರದಲ್ಲಿ ಮಿಸಳ್, ಸಾತಾರಾದಲ್ಲಿ ಚಹಾ, ಖಂಬಾಟಕಿ ಘಾಟ್ ದಾಟಿ ಮಧ್ಯಾಹ್ನದ ಹೊತ್ತಿಗೆ ಪುಣೆಯಂಚಿನ ಕಾತ್ರಜ್. ಈ ಸಲದ ಹುಡುಕಾಟ ಒಂದೇ: ಸ್ಟೀರಿಂಗ್ ಹಿಡಿದವರೂ ಸಂಜೆ ಎಲ್ಲರ ಜೊತೆ ಕೂತು ಕುಡಿಯಬಹುದಾದ, ಆದರೆ ಶರಬತ್ತಿನಂತೆ ಸಿಹಿಯಾಗಿರದ, ಮದ್ಯಸಾರವಿಲ್ಲದ ಕ್ರಾಫ್ಟ್ ಬಿಯರ್, ಅಂದರೆ ಸಣ್ಣ ಬ್ರೂವರಿಗಳ ಬಿಯರ್.

ಇದಕ್ಕೆ ಪುಣೆಯೇ ಸರಿಯಾದ ಊರು. 2009ರಲ್ಲಿ ಇಲ್ಲಿ ಶುರುವಾದ ಡೂಲಾಲಿ ಅಲ್ಲೇ ಬಿಯರ್ ಮಾಡಿ ಅಲ್ಲೇ ಬಡಿಸುವ ದೇಶದ ಮೊದಮೊದಲ ಮೈಕ್ರೋಬ್ರೂವರಿಗಳಲ್ಲೊಂದು. ಈಗ ಕೋರೆಗಾಂವ್ ಪಾರ್ಕ್, ಮುಂಢ್ವಾ ಕಡೆ ಹೋದರೆ ಸ್ಟೀಲ್ ಟ್ಯಾಂಕುಗಳನ್ನು ನೋಡುತ್ತಲೇ ಕೂತು ಕುಡಿಯಬಹುದು. ನಶೆಯಿಲ್ಲದ್ದು ಬೇಕೆಂದರೆ ಮಾತ್ರ ಅದು ನಲ್ಲಿಯಿಂದ ಬರುವುದು ಅಪರೂಪ. ಮೇಜಿಗೆ ಬರುವುದು ಕ್ಯಾನೋ ಬಾಟಲಿಯೋ. ಬೇಸರಪಡಬೇಕಿಲ್ಲ, ಅದಕ್ಕೆ ಗಟ್ಟಿ ಕಾರಣವಿದೆ.

ಮಾಮೂಲಿ ಬಿಯರನ್ನು ಕೆಡದಂತೆ ಕಾಯುವುದರಲ್ಲಿ ಮದ್ಯಸಾರದ ಪಾಲು ದೊಡ್ಡದು. ಅದನ್ನು ತೆಗೆದರೆ ಉಳಿಯುವುದು ಒಂದಿಷ್ಟು ಸಕ್ಕರೆ ಇರುವ ಧಾನ್ಯದ ರಸ. ಸಾಲ್ಮೊನೆಲ್ಲಾ, ಇ. ಕೋಲಿಯಂಥ ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬದೂಟ. ಹಾಗಾಗಿ ಹುಳಿ ಏರಿದಷ್ಟೂ ಇಳಿಯುವ ಪಿಎಚ್ ಅಳತೆ 4.6ಕ್ಕಿಂತ ಕೆಳಗಿರಬೇಕು, ಮೇಲಾಗಿ ಕ್ಯಾನ್ ಸೀಲ್ ಆದ ಮೇಲೆ ಪಾಶ್ಚರೀಕರಣ ಆಗಬೇಕು. 60 ಡಿಗ್ರಿಯಲ್ಲಿ ಒಂದು ನಿಮಿಷ ಕಾಯಿಸಿದರೆ ಒಂದು ಪಾಶ್ಚರೀಕರಣ ಯೂನಿಟ್ ಅಂತ ಲೆಕ್ಕ. ಮಾಮೂಲಿ ಬಿಯರಿಗೆ ಸಾಲುವ ಯೂನಿಟ್ಟಿನ ಹಲವು ಪಟ್ಟು ಇದಕ್ಕೆ ಬೇಕು. ನಲ್ಲಿಯ ಪೈಪು ತೊಳೆಯುವುದರಲ್ಲಿ ಒಂದು ದಿನ ಉದಾಸೀನ ಮಾಡಿದರೂ ಈ ಕಷ್ಟವೆಲ್ಲ ನೀರುಪಾಲು. ಯಾರಾದರೂ ನಲ್ಲಿಯಿಂದಲೇ ಕೊಟ್ಟರೆ, ಕುಡಿಯುವ ಮುಂಚೆ "ಪಾಶ್ಚರೀಕರಣ ಆಗಿದೆಯಾ?" ಅಂತ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಮಾಡುವ ದಾರಿ ಎರಡು. ಒಂದು, ಪೂರ್ತಿ ಬಿಯರ್ ಮಾಡಿ ಮದ್ಯಸಾರ ತೆಗೆಯುವುದು. ಮದ್ಯಸಾರ ಕುದಿಯುವುದು 78 ಡಿಗ್ರಿಗೆ. ಅಷ್ಟು ಕಾಯಿಸಿದರೆ ಬಿಯರ್ ಬೆಂದ ರುಚಿಗೆ ತಿರುಗುತ್ತದೆ. ಅದಕ್ಕೇ ನಿರ್ವಾತದಲ್ಲಿ 40 ಡಿಗ್ರಿ ಆಸುಪಾಸಿನಲ್ಲಿ ಆವಿ ಮಾಡುತ್ತಾರೆ. ಆ ಯಂತ್ರ ಸಣ್ಣ ಬ್ರೂವರಿಯ ಕೈಗೆಟುಕುವಂಥದ್ದಲ್ಲ. ಎರಡನೆಯ ದಾರಿ, ಮದ್ಯಸಾರ ಹುಟ್ಟಲಿಕ್ಕೇ ಬಿಡದಿರುವುದು, ಕ್ರಾಫ್ಟ್‌ನವರಿಗೆ ಒಗ್ಗಿದ್ದು. ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯವನ್ನು, ಸಾಮಾನ್ಯವಾಗಿ 65 ಡಿಗ್ರಿಯ ಆಸುಪಾಸು ನೆನೆಸಿದರೆ, ಇಲ್ಲಿ 75 ದಾಟಿಸುತ್ತಾರೆ. ಆ ಬಿಸಿಗೆ, ಯೀಸ್ಟ್ ತಿಂದು ಮದ್ಯಸಾರವಾಗಿಸುವ ಸಕ್ಕರೆಯನ್ನು ಮಾಡುವ ಕಿಣ್ವ ಸಾಯುತ್ತದೆ. ಯೀಸ್ಟಿಗೆ ದಕ್ಕದ, ಬಾಯಿಗೆ ಮಾತ್ರ ದಪ್ಪ ಕೊಡುವ ಪಿಷ್ಟದ ತುಣುಕು ಉಳಿಯುತ್ತದೆ. ಮಾಲ್ಟಿನ ಪ್ರಮಾಣವೂ ಅರ್ಧಕ್ಕೆ ಹತ್ತಿರ. ಇದರ ಮೇಲೆ ಮಾಲ್ಟಿನ ಮುಖ್ಯ ಸಕ್ಕರೆಯಾದ ಮಾಲ್ಟೋಸನ್ನು ಮುಟ್ಟದ ಯೀಸ್ಟ್ ಹಾಕಿದರೆ ಮದ್ಯಸಾರ ಶೇಕಡಾ 0.5ರ ಒಳಗೇ ನಿಲ್ಲುತ್ತದೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲೂ ಮದ್ಯ ಅನ್ನಿಸಿಕೊಳ್ಳುವುದು 0.5 ದಾಟಿದ ಮೇಲೆಯೇ.

ತೊಡಕು ಇರುವುದು ರುಚಿಯಲ್ಲಿ. ಹುದುಗು ಅರ್ಧಕ್ಕೇ ನಿಂತರೆ ಮಾಲ್ಟಿನ ಹಸಿ ವಾಸನೆ ಹೋಗುವುದಿಲ್ಲ: ಬೇಯಿಸಿದ ಆಲೂಗಡ್ಡೆ, ತಣಿದ ಗಂಜಿ ನೆನಪಾಗುತ್ತದೆ. ಬಹಳ ಜನ ಒಂದು ಗುಟುಕಿಗೇ ದೂರ ಸರಿಯುವುದು ಇದಕ್ಕೇ. ಒಳ್ಳೆಯ ಬ್ರೂವರ್ ಅದನ್ನು ತಣ್ಣಗಿನ ಹಂತದಲ್ಲಿ ಸುರಿದ, ಕಹಿಯೂ ಘಮವೂ ಕೊಡುವ ಹೂವಾದ ಹಾಪ್ಸ್‌ನಿಂದಲೋ, ಗೋಧಿಯ ವಿಟ್ ಬಿಯರಿನ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆಯಿಂದಲೋ, ಕಪ್ಪು ಬಿಯರಾದ ಸ್ಟೌಟ್‌ನ ಹುರಿದ ಮಾಲ್ಟಿನಿಂದಲೋ ಗೆಲ್ಲುತ್ತಾನೆ. ಮೊದಲ ಸಲ ಕುಡಿಯುವವರು ಹಗುರ ರುಚಿಯ ಮಾಮೂಲಿ ಬಗೆಯಾದ ಲಾಗರ್ ಬಿಟ್ಟು ಇವುಗಳಿಂದ ಶುರು ಮಾಡಲಿ. ಲಾಗರಿನಲ್ಲಿ ದೋಷ ಮರೆಸಲು ಜಾಗವೇ ಇಲ್ಲ. ಖಾರದ ಊಟಕ್ಕೆ ಹಾಪ್ಸ್ ಹೆಚ್ಚಿರುವ ಕಹಿ ಬಿಯರಾದ ಐಪಿಎ ಬೇಡ, ಉರಿ ಏರುತ್ತದೆ. ವಿಟ್ ಹಿತ.

ಮುಂಢ್ವಾದಲ್ಲಿ ಬಡಿಸಿದ ವಿಜಯಪುರ ಕಡೆಯ ಹುಡುಗ ಕನ್ನಡ ಕಿವಿಗೆ ಬಿದ್ದದ್ದೇ ಮಂಜುಗಟ್ಟಿದ ಗ್ಲಾಸನ್ನು ವಾಪಸ್ ಒಯ್ದ: "ಬ್ಯಾಡ್ರಿ ಸರ, ಇದರಾಗ ವಾಸನಿನ ಹತ್ತಂಗಿಲ್ಲ." ಅವನು ತಂದದ್ದು ಬರೀ ನೀರಲ್ಲಿ ಜಾಲಿಸಿದ ಗ್ಲಾಸು. 45 ಡಿಗ್ರಿ ಓರೆ ಹಿಡಿದು ಅರ್ಧ ತುಂಬಿಸಿ, ನೆಟ್ಟಗೆ ಮಾಡಿ ಉಳಿದದ್ದನ್ನು ನಡುವಿಗೆ ಸುರಿದ. ಎರಡು ಬೆರಳು ನೊರೆ ಬಂತು, ಕುಡಿದಷ್ಟಕ್ಕೂ ಒಳಗೋಡೆಯ ಮೇಲೆ ಬಿಳಿ ಬಳೆ ಉಳಿಯಿತು. ಆ ಬಳೆ ಉಳಿಯದಿದ್ದರೆ ಗ್ಲಾಸಿನಲ್ಲಿ ಸೋಪೋ ಜಿಡ್ಡೋ ಇದೆಯೆಂದು ಮೊದಲ ಅನುಮಾನ ಪಡಬೇಕು. ಬಿಯರ್ 5ರಿಂದ 7 ಡಿಗ್ರಿ ಇದ್ದರೆ ಸಾಕು.

ಊರಿಗೆ ಒಯ್ಯುವವರು ಹಸಿರು ಬಾಟಲಿ ಬಿಟ್ಟು ಕ್ಯಾನ್ ಕೊಳ್ಳಿ; ಬಿಸಿಲಿಗೆ ಹಾಪ್ಸ್ ಕೆಲವೇ ನಿಮಿಷದಲ್ಲಿ ನಾರುತ್ತದೆ. ತಯಾರಿಕೆಯ ದಿನಾಂಕ ನೋಡಿ, ಮೂರು ತಿಂಗಳೊಳಗಿನದ್ದೇ ಚಂದ. ಐಸ್ ಬಾಕ್ಸಿಗೆ ಬರೀ ಐಸ್ ಹಾಕಿ, ಉಪ್ಪು ಬೆರೆಸಬೇಡಿ. ಮಾಮೂಲಿ ಬಿಯರ್ ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿಳಿದರೂ ತಡೆಯುತ್ತದೆ. ಇದು ಹೆಚ್ಚುಕಡಿಮೆ ನೀರಿನಂತೆಯೇ ಗಡ್ಡೆ ಕಟ್ಟುತ್ತದೆ, ಕ್ಯಾನ್ ಉಬ್ಬಿ ಸೀಳುತ್ತದೆ. ಓಡಿಸುವವರು 0.0 ಅಂತ ಬರೆದಿದ್ದನ್ನೇ ಆರಿಸಲಿ. 0.5ರದ್ದು ಕುಡಿದರೆ ಬಾಯಿ ಮುಕ್ಕಳಿಸಿ ಹದಿನೈದು ನಿಮಿಷ ಬಿಟ್ಟು ಹೊರಡಲಿ, ಬಾಯಲ್ಲುಳಿದ ಹನಿಯೇ ಪೊಲೀಸರ ಯಂತ್ರದಲ್ಲಿ ತೋರಬಹುದು.

ಎರಡು ಸ್ಟೌಟ್ ಮಾತ್ರ ದಾರಿಯಲ್ಲಿ ಒಡೆಯದೆ ಉಳಿಸಿಕೊಳ್ಳಿ. ಅದರ ಹುರಿದ ಕಹಿಗೆ ಬೆಳಗಾವಿಯ ಕುಂದಾದಷ್ಟು ಒಪ್ಪುವ ಸಿಹಿ ಪುಣೆಯಲ್ಲಿ ಸಿಗುವುದಿಲ್ಲ.