ಇಷ್ಟೇನಾ ಗೊರಿಲ್ಲಾ?

ಈ ವಾರ ಮೈಸೂರು ಮೃಗಾಲಯದಲ್ಲಿ ಕೇಳಿದ ಒಂದು ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಗೊರಿಲ್ಲಾ ಆವರಣದ ಮುಂದೆ ಒಬ್ಬರು ಮಗನನ್ನು ಕರೆದುಕೊಂಡು ಬಂದು ನಿಂತರು. ಒಳಗೆ ಗೊರಿಲ್ಲಾ ಥಾಬೊ ನಮ್ಮ ಕಡೆ ಬೆನ್ನು ಹಾಕಿ ಕೂತು ಸೊಪ್ಪು ತಿನ್ನುತ್ತಿದ್ದ. "ಅಪ್ಪಾ, ಇದು ಮರಿನಾ?" ಅಂತ ಹುಡುಗ ಕೇಳಿದ. "ಇಲ್ಲ ಕಣೋ, ಇದೇ ದೊಡ್ಡದಂತೆ. ಇಷ್ಟೇನಾ! ನಡಿ, ಆನೆ ನೋಡೋಣ." ಎರಡು ನಿಮಿಷವೂ ನಿಲ್ಲಲಿಲ್ಲ, ಹೊರಟೇ ಬಿಟ್ಟರು.

ನನಗೆ ನಿಜವಾಗಿಯೂ ಸಿಟ್ಟು ಬಂತು. ಇಲ್ಲಿದ್ದ ಗೊರಿಲ್ಲಾ ಪೋಲೋ 2014ರಲ್ಲಿ ತೀರಿಕೊಂಡ ಮೇಲೆ ವರ್ಷಗಟ್ಟಲೆ ಇಲ್ಲಿ ಗೊರಿಲ್ಲಾನೇ ಇರಲಿಲ್ಲ. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಬಂದರು. ಅಷ್ಟು ದೂರದಿಂದ ಬಂದವರನ್ನು ನೋಡಿ "ಇಷ್ಟೇನಾ" ಅಂದರೆ ಹೇಗೆ?

ಹುಡುಗನ ಪ್ರಶ್ನೆ ಮಾತ್ರ ತುಂಬಾ ಒಳ್ಳೆಯದು. ಗೊರಿಲ್ಲಾ ಮರಿ ಹುಟ್ಟುವಾಗ ಸುಮಾರು 2 ಕಿಲೋ ಇರುತ್ತದೆ, ನಮ್ಮ ಕೂಸುಗಳಿಗಿಂತ ಕಡಿಮೆ. ಸಣ್ಣವಿರುವಾಗ ಗಂಡು ಹೆಣ್ಣು ಹೆಚ್ಚುಕಡಿಮೆ ಒಂದೇ ಅಳತೆ. ಆಮೇಲೆ ಹೆಣ್ಣಿನ ಬೆಳವಣಿಗೆ ಬೇಗ ನಿಲ್ಲುತ್ತದೆ, ಗಂಡು ಇನ್ನೂ ಹಲವು ವರ್ಷ ಬೆಳೆಯುತ್ತಲೇ ಹೋಗುತ್ತದೆ, ಹನ್ನೆರಡು ಹದಿಮೂರು ವರ್ಷಕ್ಕೆ ಬೆನ್ನಿನ ಮೇಲೆ ಬೆಳ್ಳಿ ಬಣ್ಣ ಇಳಿಯತೊಡಗುತ್ತದೆ, ಅದಾದ ಮೇಲೂ ಮೈ ತುಂಬಿಕೊಳ್ಳುತ್ತದೆ. ಕೊನೆಗೆ ಹೆಣ್ಣು ಗಂಡಿನ ಅರ್ಧದಷ್ಟು ತೂಗಿದರೆ ಹೆಚ್ಚು. ಹಾಗಾಗಿ ಒಂದೇ ಗುಂಪಿನಲ್ಲಿ ಮರಿ ಯಾವುದು, ತಾಯಿ ಯಾವುದು, ಹರೆಯದ ಗಂಡು ಯಾವುದು ಅಂತ ಕೇಳಬೇಕಾದ್ದೇ. ಆ ಮಗುವಿಗೆ ಉತ್ತರ ಸಿಗಬೇಕಿತ್ತು.

ಥಾಬೊ ಆಫ್ರಿಕಾದ ಪಶ್ಚಿಮ ಭಾಗದ ತಗ್ಗು ಕಾಡಿನ ಜಾತಿಯವನು. ಕಾಡಿನಲ್ಲಿ ಆ ಜಾತಿಯ ಬೆಳೆದ ಗಂಡು ಸಾಮಾನ್ಯವಾಗಿ 140ರಿಂದ 180 ಕಿಲೋ ತೂಗುತ್ತದೆ. ಅಂದರೆ 50 ಕಿಲೋದ ಅಕ್ಕಿ ಮೂಟೆ ಮೂರು ಒಟ್ಟಿಗೆ, ಅದರ ಮೇಲೂ ಸ್ವಲ್ಪ! ಎತ್ತರ ಮಾತ್ರ ಐದೂವರೆ ಅಡಿ ಆಸುಪಾಸು, ಅದೂ ಎದ್ದು ನಿಂತರೆ. ಅವು ನಿಲ್ಲುವುದೇ ಅಪರೂಪ, ಬೆರಳಿನ ಗೆಣ್ಣೂರಿ ನಾಲ್ಕು ಕಾಲಲ್ಲೇ ಓಡಾಡುತ್ತವೆ. ಎರಡೂ ಕೈ ಚಾಚಿದರೆ ತುದಿಯಿಂದ ತುದಿಗೆ ಸುಮಾರು 8 ಅಡಿ. ಬೆನ್ನು ಹಾಕಿ ಕೂತವನಲ್ಲಿ ಇದೆಲ್ಲ ಹೇಗೆ ಕಾಣಬೇಕು?

ಕಾಂಗೋದ ಪೂರ್ವದ ಕಾಡಿನಲ್ಲಿರುವ ಗ್ರೌಯರ್ ಗೊರಿಲ್ಲಾ ಎಲ್ಲಕ್ಕಿಂತ ದೊಡ್ಡದು, 200 ಕಿಲೋ ಮುಟ್ಟುವ ಗಂಡುಗಳೂ ಇವೆ. ರುವಾಂಡಾ, ಉಗಾಂಡಾದ ಬೆಟ್ಟಗಳಲ್ಲಿರುವವಕ್ಕೆ ಚಳಿಗೆ ಕೂದಲು ಉದ್ದ, ದಟ್ಟ. ಹಾಗಾಗಿ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತವೆ.

"ಇಷ್ಟೇನಾ." ಬಸ್ಸಲ್ಲಿ ಬರುವಾಗಲೂ ಅದೇ. ಪಾಪ, ಅವರೇನು ಕೆಟ್ಟವರಲ್ಲ. ಟಿಕೆಟ್ ಕೊಂಡು, ಬಿಸಿಲಲ್ಲಿ ಮಗನನ್ನು ನಡೆಸಿಕೊಂಡು ಬಂದಿದ್ದರು. ಸಿನಿಮಾದಲ್ಲಿ ಗೊರಿಲ್ಲಾ ಕಟ್ಟಡ ಹತ್ತುತ್ತದೆ, ಅದನ್ನೇ ಹುಡುಕಿರಬೇಕು. ಆದರೆ ದೊಡ್ಡದಿದ್ದಷ್ಟೂ ಚೆನ್ನ ಅನ್ನುವ ಆಸೆ ಸಾಕಿದ ಗೊರಿಲ್ಲಾಕ್ಕೆ ಒಳ್ಳೆಯದಲ್ಲ. ಇಂಟರ್ನೆಟ್‌ನಲ್ಲಿ ಓಡಾಡುವ ಭಾರಿ ತೂಕದ ಲೆಕ್ಕಗಳಲ್ಲಿ ಎಷ್ಟೋ ಬೊಜ್ಜು ಬಂದ, ಸಾಕಿದ ಗೊರಿಲ್ಲಾಗಳದ್ದು. ಮೃಗಾಲಯಗಳಲ್ಲಿ ಬೆಳೆದ ಗಂಡುಗಳು ಹೃದಯದ ಕಾಯಿಲೆಯಿಂದ ಸಾಯುವುದು ಜಾಸ್ತಿ. ಅಮೆರಿಕದ ಕ್ಲೀವ್‌ಲ್ಯಾಂಡ್ ಮೃಗಾಲಯದವರು ಪೌಷ್ಟಿಕ ಬಿಸ್ಕತ್ತು ನಿಲ್ಲಿಸಿ ಬುಟ್ಟಿಗಟ್ಟಲೆ ಸೊಪ್ಪು ತರಕಾರಿ ಕೊಡತೊಡಗಿದರು. ಅಲ್ಲಿನ ಎರಡು ಗಂಡುಗಳು ತಲಾ ಸುಮಾರು 30 ಕಿಲೋ ಇಳಿದವು. ತಿನ್ನುವುದು ಹೆಚ್ಚಿತು, ಮೈ ಇಳಿಯಿತು. ಇಡೀ ದಿನ ಸೊಪ್ಪು ಜಗಿಯುತ್ತಾ ಕೂತಿರುವುದೇ ಅವುಗಳ ಬದುಕು ಅಲ್ವಾ! ಥಾಬೊ ಮಾಡುತ್ತಿದ್ದದ್ದೂ ಅದನ್ನೇ.

ಗೊರಿಲ್ಲಾದ ಗಾತ್ರ ನಿಜವಾಗಿ ಗೊತ್ತಾಗಬೇಕಾದದ್ದು ಇನ್ನೊಂದು ಗೊರಿಲ್ಲಾಕ್ಕೆ. ದಟ್ಟ ಕಾಡಲ್ಲಿ ಒಂದಕ್ಕೊಂದು ಕಾಣುವುದಿಲ್ಲ. ಅದಕ್ಕೇ ಗಂಡು ಎದ್ದು ನಿಂತು ಎದೆ ಬಡಿಯುತ್ತದೆ, ಮುಷ್ಟಿಯಿಂದಲ್ಲ, ಬೊಗಸೆ ಮಾಡಿದ ಅಂಗೈಯಿಂದ. ಸದ್ದು ಕಿಲೋಮೀಟರ್ ದೂರಕ್ಕೂ ಕೇಳುತ್ತದೆ. ರುವಾಂಡಾದ ಬೆಟ್ಟದ ಗೊರಿಲ್ಲಾಗಳ ಈ ಸದ್ದನ್ನು ಸಂಶೋಧಕರು ರೆಕಾರ್ಡ್ ಮಾಡಿದರು, ಹತ್ತಿರ ಹೋಗದೆ ಫೋಟೊದಿಂದಲೇ ಬೆನ್ನಿನ ಅಗಲ ಅಳೆದರು. ಮೈ ದೊಡ್ಡದಿದ್ದಷ್ಟೂ ಬಡಿತದ ಸದ್ದು ದಪ್ಪ ಅಂತ 2021ರಲ್ಲಿ ಬರೆದರು. ಬಡಿತ ಕೇಳಿದ ಗಂಡು ಎದುರಿನವನ ಗಾತ್ರ ಅಂದಾಜು ಮಾಡಿ ದೂರ ಸರಿಯಬಹುದು, ಹೊಡೆದಾಟ ತಪ್ಪುತ್ತದೆ. ಅಷ್ಟು ಬಲವಿರುವ ಪ್ರಾಣಿಗಳು ಕೈ ಮಾಡುವ ಮೊದಲು ಹೀಗೆ ಹೇಳಿಕೊಳ್ಳುವುದು ನನಗೆ ಬಹಳ ಇಷ್ಟ. ಡೆಂಬಾನೂ ಈಗ ಬೆಳೆಯುತ್ತಿದ್ದಾನೆ. ಇನ್ನೊಮ್ಮೆ ಜನ ಕಡಿಮೆ ಇರುವ ದಿನ ಬೆಳಿಗ್ಗೆಯೇ ಹೋಗಿ, ಇಬ್ಬರಲ್ಲಿ ಯಾರಾದರೂ ಎದೆ ಬಡಿದರೆ ಕೇಳಿಸಿಕೊಂಡು ಬರಬೇಕು.