ಪೋರ್ಟೊ: ಹಡಗುಗಳು ಬಿಟ್ಟುಹೋದ ದಡದಲ್ಲಿ

12 ಅಕ್ಟೋಬರ್ 2023, ಗುರುವಾರ
ಪೋರ್ಟೊ, ಪೋರ್ಚುಗಲ್

ಬೆಳಿಗ್ಗೆ ಮೋಡ ಇತ್ತು. ಹತ್ತು ಗಂಟೆಯ ಹೊತ್ತಿಗೆ ಬಿಸಿಲು ಬಂತು. ಮಗಳಿಗೆ ಇವತ್ತು ಕ್ಲಾಸ್ ಇಲ್ಲ. ಸೇತುವೆಯಿಂದ ಹೊರಟು ಸಮುದ್ರದ ತನಕ ಡೌರೊ ನದಿಯ ಪಕ್ಕದಲ್ಲೇ ನಡೆದು ಹೋಗುವ ಅಂದೆ.

"ಅಮ್ಮ, ಐದಾರು ಕಿಲೋಮೀಟರ್ ಉಂಟು. ನಿನ್ನ ಗಂಟುನೋವು?"

"ಅವಸರ ಏನಿದೆ? ಕೂತು ಎದ್ದು ಹೋದರಾಯ್ತು."

ಶುರುಮಾಡಿದ್ದು ಲೂಯಿಸ್ ಸೇತುವೆಯಿಂದ. 1886ರ ಕಬ್ಬಿಣದ ಸೇತುವೆ. ಎರಡು ಅಂತಸ್ತು. ಮೇಲೆ ಮೆಟ್ರೊ, ಕೆಳಗೆ ಬಸ್ಸು ಮತ್ತು ಜನ. ಕಮಾನು ಒಂದೇ ನೆಗೆತಕ್ಕೆ 172 ಮೀಟರ್ ದಾಟುತ್ತದೆ. ಇದು ಐಫೆಲ್ ಕಟ್ಟಿದ್ದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಮೊದಲು ಐಫೆಲ್ ಜೊತೆಗಿದ್ದು ಆಮೇಲೆ ಬೇರೆಯಾದ ತಿಯೋಫಿಲ್ ಸೈರಿಗ್ ಎಂಬ ಎಂಜಿನಿಯರ್ ಇದನ್ನು ರೂಪಿಸಿದ. ಐಫೆಲ್ ಕಂಪನಿಯ ಸೇತುವೆ ನದಿಯಲ್ಲಿ ಇನ್ನೂ ಸ್ವಲ್ಪ ಮೇಲಕ್ಕಿದೆ. ಅದು 1877ರ ರೈಲು ಸೇತುವೆ, ಈಗ ರೈಲು ಓಡುವುದಿಲ್ಲ.

ಎಲ್ಲರೂ ಕಮಾನಿನ ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಪಕ್ಕದಲ್ಲೇ ಎರಡು ಕಲ್ಲಿನ ಕಂಬಗಳಿವೆ, ಅವನ್ನು ನೋಡುವವರು ಕಡಿಮೆ. 1843ರಲ್ಲಿ ಇಲ್ಲೊಂದು ತೂಗುಸೇತುವೆ ಇತ್ತು, ಅದರಲ್ಲಿ ಉಳಿದದ್ದು ಇಷ್ಟೇ. ಅದಕ್ಕೂ ಮೊದಲು ಇಲ್ಲಿ ದೋಣಿಗಳ ಸೇತುವೆ ಇತ್ತು. ಸಾಲಾಗಿ ಕಟ್ಟಿದ ದೋಣಿಗಳು, ಮೇಲೆ ಹಲಗೆ. 1809ರ ಮಾರ್ಚ್ 29ರಂದು ನೆಪೋಲಿಯನ್ನನ ಸೇನಾಪತಿ ಸೂಲ್ಟ್ ಊರಿಗೆ ನುಗ್ಗಿದ. ಜನ ಮಕ್ಕಳುಮರಿ ಎತ್ತಿಕೊಂಡು ಆಚೆ ದಡಕ್ಕೆ ಓಡಿದರು. ಅಷ್ಟು ಜನರ ಭಾರಕ್ಕೆ ಸೇತುವೆ ನಡುವೆ ತೆರೆದುಕೊಂಡಿತು. ಹಿಂದಿನಿಂದ ಬರುತ್ತಿದ್ದವರಿಗೆ ಅದು ಗೊತ್ತಾಗಲಿಲ್ಲ. ಅವರು ತಳ್ಳುತ್ತಲೇ ಇದ್ದರು. ಸಾವಿರಾರು ಜನ ಮುಳುಗಿಹೋದರು ಅನ್ನುತ್ತಾರೆ.

ದಡದ ಗೋಡೆಯಲ್ಲಿ ಆ ದಿನದ ಕಂಚಿನ ಫಲಕ ಇದೆ. ನೀರಿಗೆ ಬೀಳುತ್ತಿರುವ ಜನ, ಮೇಲೆತ್ತಿದ ಕೈಗಳು. ಅದರ ಮುಂದೆ ಮೇಣದಬತ್ತಿ ಉರಿಯುತ್ತಿತ್ತು, ಹೂವೂ ಇತ್ತು. ಇನ್ನೂರು ವರ್ಷ ದಾಟಿದೆ. ಸತ್ತವರ ಹೆಸರು ಹೇಳುವವರು ಯಾರೂ ಉಳಿದಿಲ್ಲ. ಆದರೂ ಯಾರೋ ಬಂದು ದೀಪ ಹಚ್ಚುತ್ತಾರೆ. ನಾವು ನಿಂತಿದ್ದಾಗಲೇ ತರಕಾರಿ ಚೀಲ ಹಿಡಿದಿದ್ದ ಒಬ್ಬ ಅಜ್ಜಿ ಬಂದರು. ಶಿಲುಬೆಯ ಗುರುತು ಮಾಡಿಕೊಂಡು, ಆರಿದ್ದ ಒಂದು ಬತ್ತಿಯನ್ನು ಪಕ್ಕದ ಬತ್ತಿಯಿಂದ ಹಚ್ಚಿ ಹೋದರು. ನಾನೂ ಕೈ ಮುಗಿದೆ.

ಅಲ್ಲಿಂದ ರಿಬೇರಾ. ಹಳೆಯ ಬಂದರು ಕೇರಿ ಇದು. 1996ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಹಳದಿ, ಕೆಂಪು, ನೀಲಿ ಹೆಂಚಿನ ಬಿಲ್ಲೆ ಹಚ್ಚಿದ ಕಿರಿದಾದ ಮನೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಕೆಳಗೆ ಹೋಟೆಲಿನ ಮೇಜುಗಳು, ಮೇಲಿನ ಕಿಟಕಿಗಳಲ್ಲಿ ಒಣಗಲು ಹಾಕಿದ ಬಟ್ಟೆ. ಆ ಬಟ್ಟೆ ನೋಡಿ ಸಮಾಧಾನ ಆಯ್ತು. ಇಲ್ಲಿ ಇನ್ನೂ ಸಂಸಾರಗಳಿವೆ ಅಂತ ಅದು ಹೇಳುತ್ತದೆ, ಅಲ್ವಾ? ಗೋಡೆಗಳ ಮೇಲೆ ಅಲ್ಲಲ್ಲಿ ನೆರೆ ಏರಿದ ಮಟ್ಟದ ಗುರುತುಗಳಿವೆ. 1909ರ ಡಿಸೆಂಬರಿನಲ್ಲಿ ಬಂದ ನೆರೆ ಸೇತುವೆಯ ಕೆಳ ಅಂತಸ್ತಿನ ಹತ್ತಿರ ಹತ್ತಿರ ಮುಟ್ಟಿತ್ತಂತೆ. ತಲೆ ಎತ್ತಿ ಆ ಎತ್ತರ ನೋಡಿದೆ. ನಂಬಲಿಕ್ಕೆ ಕಷ್ಟ.

ಎದುರು ದಡ ವಿಲಾ ನೋವಾ ದ ಗಾಯಾ. ಪೋರ್ಟ್ ವೈನಿನ ಗೋದಾಮುಗಳೆಲ್ಲ ಅಲ್ಲೇ. ನೀರಲ್ಲಿ ರಬೇಲು ಎಂಬ ಉದ್ದನೆಯ ಮರದ ದೋಣಿಗಳು ಪೀಪಾಯಿ ಹೊತ್ತು ನಿಂತಿವೆ, ಈಗ ನೋಡುವವರಿಗಾಗಿ ಮಾತ್ರ. ಒಂದು ಕಾಲದಲ್ಲಿ ದ್ರಾಕ್ಷಿ ಬೆಳೆಯುವ ಬೆಟ್ಟದ ಕಣಿವೆಯಿಂದ ವೈನು ಬರುತ್ತಿದ್ದದ್ದು ಇವುಗಳಲ್ಲೇ. ಡೌರೊ ಆಗ ಇಷ್ಟು ಸಾಧು ಇರಲಿಲ್ಲ. ಬಂಡೆ, ಸುಳಿ, ರಭಸ. ತಳ ಚಪ್ಪಟೆ ಇದ್ದ ದೋಣಿ, ಹಿಂದೆ ಒಂದು ಉದ್ದ ಹುಟ್ಟು, ಅದನ್ನು ಹಿಡಿದವನ ತೋಳಿನ ಬಲ. ಅಷ್ಟೇ ಅವರ ಬಂಡವಾಳ. ಈ ನದಿಯ ನಕ್ಷೆ ಬರೆದ ಫಾರೆಸ್ಟರ್ ಎಂಬ ಇಂಗ್ಲಿಷ್ ವ್ಯಾಪಾರಿ 1861ರಲ್ಲಿ ಇದೇ ನದಿಯಲ್ಲಿ ಮುಳುಗಿ ಸತ್ತ. ನದಿಯನ್ನು ಅಂಗುಲ ಅಂಗುಲ ತಿಳಿದವನನ್ನೂ ಅದು ಬಿಡಲಿಲ್ಲ. ಆಮೇಲೆ ರೈಲು ಬಂತು, ಲಾರಿ ಬಂತು, ಅಣೆಕಟ್ಟುಗಳು ಬಂದು ರಭಸ ನಿಂತಿತು. 1960ರ ದಶಕದ ಹೊತ್ತಿಗೆ ದೋಣಿಯವರ ಕಸುಬೇ ಮುಗಿಯಿತು.

ಒಳಗಿನ ಬೀದಿಯಲ್ಲಿ ಹಳೆಯ ಸುಂಕದ ಕಟ್ಟೆ ಇದೆ. ರಾಜಕುಮಾರ ಹೆನ್ರಿ 1394ರಲ್ಲಿ ಹುಟ್ಟಿದ್ದು ಆ ಮನೆಯಲ್ಲಿ ಎನ್ನುತ್ತಾರೆ. ಆಫ್ರಿಕಾದ ಕರಾವಳಿ ಹುಡುಕಲು ಹಡಗು ಕಳಿಸಿದವನು. 1415ರಲ್ಲಿ ಉತ್ತರ ಆಫ್ರಿಕಾದ ಸೆಯುಟಾ ದಾಳಿಗೆ ಹೊರಟ ಹಡಗುಗಳಿಗೆ ಊರಿನವರು ಒಳ್ಳೆಯ ಮಾಂಸವನ್ನೆಲ್ಲ ಕೊಟ್ಟು, ತಮಗೆ ಕರುಳು ಬೋಟಿ ಮಾತ್ರ ಉಳಿಸಿಕೊಂಡರು ಅಂತ ಕಥೆ. ಬಿಳಿ ಅವರೆಯಂಥ ಕಾಳು ಹಾಕಿ ಬೋಟಿ ಬೇಯಿಸುವ ಅಡುಗೆ ಇವತ್ತಿಗೂ ಊರಿನ ಹೆಮ್ಮೆ. ಆ ಬಾಗಿಲ ಮುಂದೆ ನನಗೆ ಮನಸ್ಸು ಹಗುರ ಇರಲಿಲ್ಲ. ಇಲ್ಲಿಂದ ಶುರುವಾದ ದಾರಿಯೇ ಮುಂದೆ ನಮ್ಮೂರಿನ ತನಕ ಬಂತು. 1568ರಲ್ಲಿ ಮಂಗಳೂರಿನಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು. ಉಳ್ಳಾಲದ ಅಬ್ಬಕ್ಕ ಕಪ್ಪ ಕೊಡಲು ಒಪ್ಪದೆ ಅವರ ವಿರುದ್ಧ ಕಾದಾಡಿದಳು. ಮಗಳಿಗೆ ಇದನ್ನು ಅಲ್ಲೇ ನಿಂತು ಹೇಳಿದೆ. "ನನ್ನ ಕ್ಲಾಸಿನವರಿಗೆ ಅಬ್ಬಕ್ಕನ ಹೆಸರೇ ಗೊತ್ತಿಲ್ಲಮ್ಮ" ಅಂದಳು. ನೀನು ಹೇಳು ಅಂದೆ.

ಮಿರಗಾಯಾದಲ್ಲಿ ಊಟ. ಆಲೂಗಡ್ಡೆ ಮತ್ತು ಹೆಚ್ಚಿದ ಸೊಪ್ಪಿನ ಬಿಸಿ ಸೂಪು, ಜೋಳದ ರೊಟ್ಟಿಯಂಥ ಗಟ್ಟಿ ಬ್ರೆಡ್. ಈ ಕೇರಿ ನನಗೆ ರಿಬೇರಾಕ್ಕಿಂತ ಜಾಸ್ತಿ ಇಷ್ಟವಾಯ್ತು. ಹಿಂದೆ ಇಲ್ಲಿ ಮನೆ ಮುಂದೆಯೇ ಮರಳ ದಂಡೆ ಇತ್ತು. 19ನೇ ಶತಮಾನದಲ್ಲಿ ಆ ದಂಡೆಯ ಮೇಲೆ ದೊಡ್ಡ ಹೊಸ ಕಸ್ಟಮ್ಸ್ ಕಟ್ಟಡ ಎದ್ದಿತು. ನೆಲ ಎತ್ತರಿಸಿದ್ದರಿಂದ ಹಳೆಯ ಮನೆಗಳ ಕಮಾನುಗಳು ಈಗ ರಸ್ತೆಗಿಂತ ಕೆಳಗಿವೆ, ನದಿ ಕಾಣುವುದೇ ಇಲ್ಲ. ವ್ಯಾಪಾರಕ್ಕೆ ಅಂತ ಕಟ್ಟಿದ ಆ ಕಟ್ಟಡದಲ್ಲಿ ಈಗ ಮ್ಯೂಸಿಯಂ, ಸಭೆ, ಸಮಾರಂಭ.

ಅಲ್ಲಿಂದ ಮುಂದೆ ದಾರಿ ಖಾಲಿ. ಹಳೆಯ ಟ್ರಾಮ್ ಒಂದು ಗಂಟೆ ಬಾರಿಸುತ್ತಾ ಹೋಯಿತು. ಗಾಳ ಹಾಕಿ ಕೂತವರು, ನಾಯಿ ಹಿಡಿದು ಓಡುವವರು. ಅರಾಬಿದಾ ಸೇತುವೆಯ ಕೆಳಗೆ ಬೆಂಚಿನ ಮೇಲೆ ತುಂಬಾ ಹೊತ್ತು ಕೂತೆವು. 1963ರಲ್ಲಿ ಕಟ್ಟಿದಾಗ ಕಾಂಕ್ರೀಟ್ ಕಮಾನುಗಳಲ್ಲಿ ಜಗತ್ತಿಗೇ ದೊಡ್ಡದು, 270 ಮೀಟರ್. ಎಡ್ಗರ್ ಕಾರ್ಡೋಸೊ ಎಂಬವರ ಕೆಲಸ. ಕಂಬ ಇಲ್ಲದೆ ನದಿ ದಾಟುವ ಅದರ ಸರಳತನ ಕಣ್ಣಿಗೆ ಹಿತ.

ಫೋಜ್ ತಲುಪಿದಾಗ ಸಂಜೆ ಐದು. ಇಲ್ಲಿ ಡೌರೊ ಅಟ್ಲಾಂಟಿಕ್ ಸೇರುತ್ತದೆ. 1528ರಲ್ಲಿ ಕಟ್ಟಿದ ಪುಟ್ಟ ದೀಪಸ್ತಂಭ ಒಂದು ಇನ್ನೂ ನಿಂತಿದೆ. ಅಷ್ಟು ಹಿಂದೆಯೇ ದೀಪ ಬೇಕಾಯಿತು ಅಂದರೆ ಅಳಿವೆ ಬಾಗಿಲು ಎಷ್ಟು ಅಪಾಯದ್ದು ಅಂತ ತಿಳಿಯುತ್ತದೆ. ಮರಳ ದಿಣ್ಣೆ, ಬಂಡೆ, ಮೇಲಿಂದ ಅಲೆ. 1852ರಲ್ಲಿ ಪೋರ್ಟೊ ಎಂಬ ಹೆಸರಿನ ಹಬೆ ಹಡಗೇ ದಡ ಕಾಣುವಷ್ಟು ಹತ್ತಿರದಲ್ಲಿ ಒಡೆದು ಜನ ಸತ್ತರು. ಕೊನೆಗೆ 1884ರಲ್ಲಿ ಉತ್ತರಕ್ಕೆ ಲೈಶೋಂಯ್ಶ್ ಎಂಬಲ್ಲಿ ಸಮುದ್ರಕ್ಕೇ ಗೋಡೆ ಕಟ್ಟಿ ಬೇರೆ ಬಂದರು ಮಾಡಲು ಶುರುಮಾಡಿದರು. ದೊಡ್ಡ ಹಡಗುಗಳು ನಿಧಾನಕ್ಕೆ ಅತ್ತ ಹೋದವು.

ಇದು ನಮ್ಮ ಮಂಗಳೂರಿನ ಕಥೆಯೂ ಹೌದು. ನೇತ್ರಾವತಿ, ಗುರುಪುರ ನದಿಗಳು ಸೇರುವ ಅಳಿವೆಯಲ್ಲಿ ಮರಳು ತುಂಬಿ ದೊಡ್ಡ ಹಡಗು ಒಳಗೆ ಬರುತ್ತಿರಲಿಲ್ಲ, ಹೊರಗೆ ನಿಂತು ದೋಣಿಯಲ್ಲಿ ಸರಕು ಇಳಿಸಬೇಕಿತ್ತು. 1974ರಲ್ಲಿ ಪಣಂಬೂರಿನ ಹೊಸ ಬಂದರನ್ನು ದೊಡ್ಡ ಬಂದರೆಂದು ಘೋಷಿಸಿದರು. ನನ್ನ ಅಜ್ಜ ಹಳೇ ಬಂದರಿನ ದಕ್ಕೆಯಲ್ಲಿ ಹಂಚಿನ ಲೆಕ್ಕ ಬರೆಯುತ್ತಿದ್ದವರು. ಈಗಲೂ ಅಲ್ಲಿ ಮೀನು ದೋಣಿಗಳಿವೆ, ಲಕ್ಷದ್ವೀಪಕ್ಕೆ ಹೋಗುವ ಮಂಜಿ ಎಂಬ ಮರದ ಹಡಗುಗಳಿವೆ. ಕೆಲಸ ಪೂರ್ತಿ ನಿಂತಿಲ್ಲ, ಅದು ನನಗೆ ಖುಷಿ. ಆದರೆ ಅಲ್ಲಿ ದುಡಿದವರ ನೆನಪಿಗೆ ಒಂದು ಫಲಕವಾದರೂ ಗೋಡೆಯಲ್ಲಿ ಇರಬೇಕು ಅಂತ ಇವತ್ತು ಬಲವಾಗಿ ಅನ್ನಿಸಿತು. ಪೋರ್ಟೊದವರು ದಡವನ್ನು ಚಂದ ಮಾಡುವಾಗ ಸತ್ತವರನ್ನು, ನೆರೆಯನ್ನು, ಹಳೆಯ ಕಂಬಗಳನ್ನು ಅಳಿಸಲಿಲ್ಲ. ಇಷ್ಟು ನಿಧಾನ ನಡೆದರೂ ಬೇಸರ ಬಾರದಿದ್ದಕ್ಕೆ ಕಾರಣ ಅದೇ.

ಗಾಳಿ ಜೋರಾಯ್ತು. ಬಸ್ಸಿನಲ್ಲಿ ವಾಪಸ್. ನಾಳೆ ಅವಳ ಕ್ಲಾಸ್ ಮುಗಿದ ಮೇಲೆ ಮೆಟ್ರೊ ಹಿಡಿದು ಲೈಶೋಂಯ್ಶ್ ಕಡೆಗೆ ಹೋಗುವುದು. ಬಂದರು ನೋಡಿಕೊಂಡು, ಅಲ್ಲೇ ರಸ್ತೆ ಬದಿಯ ಕೆಂಡದಲ್ಲಿ ಬರೇ ಉಪ್ಪು ಹಾಕಿ ಸುಡುವ ಸಾರ್ಡೀನ್ ಮೀನು ತಿನ್ನಬೇಕು. ನಮ್ಮ ಬೂತಾಯಿಯ ಬಳಗವೇ ಅದು. ಖಾರದ ಪುಡಿ ಕಟ್ಟಿಕೊಂಡು ಬಾ ಅಂತ ಮಗಳು ಈಗಲೇ ಹೇಳಿದ್ದಾಳೆ.